ಸಿರೆಗೆ ಸೇರುವ ನೀರಿನ ಲೆಕ್ಕ

ನಂಜನಗೂಡಿನಿಂದ ಪಶ್ಚಿಮಕ್ಕೆ, ಕಪಿಲಾ ನದಿಯ ತೀರದಲ್ಲಿ ನಮ್ಮ ಹುಲ್ಲಹಳ್ಳಿ ಇರುವುದು. ಈ ನದಿಯನ್ನೇ ಜನರು ಕಬಿನಿಯೆಂದೂ ಕರೆಯುವರು. ಇಲ್ಲಿ ನದಿಗೆ ಅಡ್ಡಲಾಗಿ ಅಣೆಕಟ್ಟೊಂದುಂಟು. ಅಲ್ಲಿಂದ ಹೊರಟ ಹುಲ್ಲಹಳ್ಳಿ ನಾಲೆಯು ಗದ್ದೆಗಳಿಗೆ ನೀರುಣಿಸುವುದು. ನಾಲೆಯನ್ನು ನಂಬಿ ಬದುಕುವವರಿಗೆ ನೀರಿನ ಅಳತೆಯನ್ನು ಯಾರೂ ಹೊಸದಾಗಿ ಕಲಿಸಬೇಕಾದುದಿಲ್ಲ. ಸಸಿಮಡಿಗೆ ಎಷ್ಟು, ನಾಟಿಯಾದ ಗದ್ದೆಗೆ ಎಷ್ಟು, ತೆನೆಯೊಡೆದ ಪೈರಿಗೆ ಎಷ್ಟು ಎಂಬುದನ್ನು ರೈತನು ಕಣ್ಣಳತೆಯಿಂದಲೇ ಹೇಳಬಲ್ಲನು. ನೀರು ಸಾಲದಿದ್ದರೆ ಬೆಳೆ ಬಾಡುವುದು, ಹೆಚ್ಚಾದರೆ ಕೊಳೆಯುವುದು. ಇಂತಹ ಊರಿನಲ್ಲಿ ಅರವತ್ತು ವರ್ಷ ಬಾಳಿಯೂ, ಮನುಷ್ಯನ ಸಿರೆಯೊಳಕ್ಕೆ ಬಿಡುವ ನೀರಿಗೂ ಅಂತಹುದೇ ಒಂದು ಲೆಕ್ಕವುಂಟೆಂಬುದು ನಮಗೆ ತಿಳಿದುದು ತೀರ ಈಚೆಗೆ. ಅದೂ ನಾವೇ ಮಾಡಿದ ಒಂದು ತಪ್ಪಿನಿಂದ. ಆ ತಪ್ಪನ್ನು ಮರೆಮಾಚದೆ ಹೇಳಿ, ಅದರಿಂದ ಕಲಿತುದನ್ನು ಗೃಹಸ್ಥರಾದ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಳೆದ ಬೇಸಗೆಯಲ್ಲಿ ನಮ್ಮ ಮಗಳು ತನ್ನ ಎರಡೂವರೆ ವರ್ಷದ ಮಗುವಿನೊಡನೆ ತೌರಿಗೆ ಬಂದಿದ್ದಳು. ಒಂದು ಸಂಜೆ ಮಗುವಿಗೆ ವಾಂತಿಯೂ ಭೇದಿಯೂ ಒಟ್ಟಿಗೇ ಮೊದಲಾದುವು. ಸಂಸ್ಕೃತದಲ್ಲಿ ಭೇದಿಗೆ ಅತಿಸಾರವೆಂದು ಹೆಸರು. ಮಿತಿಮೀರಿ ಹರಿದುಹೋಗುವುದೆಂದು ಆ ಶಬ್ದದ ಅರ್ಥ. ಆ ಅರ್ಥವು ಎಷ್ಟು ನಿಜವೆಂಬುದು ನಮಗೆ ಅಂದು ರಾತ್ರಿ ಮನವರಿಕೆಯಾಯಿತು. ಹತ್ತು ಗಂಟೆಯ ಹೊತ್ತಿಗೆ ಮಗುವಿನ ಕಣ್ಣು ಗುಳಿಬಿದ್ದು, ಕರೆದರೂ ತಿರುಗಿ ನೋಡದಷ್ಟು ಮಂಕಾಗಿ ಮಲಗಿತು. ಕಾರೊಂದನ್ನು ಗೊತ್ತುಮಾಡಿಕೊಂಡು ಪಟ್ಟಣದ ಆಸ್ಪತ್ರೆಗೆ ಓಡಿದೆವು. ಅಲ್ಲಿ ತೂಕಮಾಡಿದಾಗ ೧೨ ಕಿಲೋಗ್ರಾಂ ಬಂದಿತು. ವೈದ್ಯರು ತಡಮಾಡದೆ ಕೈಯ ಸಿರೆಗೆ ಸೂಜಿ ಹಾಕಿಸಿ ನೀರು ಬಿಡಿಸಿದರು. ನೀರು ಹನಿಹನಿಯಾಗಿ ಅಲ್ಲ, ಹೆಚ್ಚುಕಡಮೆ ಧಾರೆಯಾಗಿ ಹೋಯಿತು. ನಮ್ಮ ಕಣ್ಣೆದುರಿಗೇ ಮಗುವಿನ ಮುಖಕ್ಕೆ ಕಳೆ ಬಂದಿತು. ನಡುರಾತ್ರಿ ಕಳೆದ ಮೇಲೆ ಅದು 'ಅಮ್ಮ' ಎಂದು ಕರೆಯಿತು. ನಮ್ಮ ಮನಸ್ಸಿನ ಭಾರವೆಲ್ಲ ಇಳಿದಂತಾಯಿತು.

ಮಾರನೆಯ ಬೆಳಗ್ಗೆ ಎಂಟು ಗಂಟೆಗೆ ಅರ್ಧ ಲೀಟರಿನ ಹೊಸ ಸೀಸೆಯೊಂದನ್ನು ತೂಗುಹಾಕಿದರು. ಮಗು ಕುಡಿದುದನ್ನೆಲ್ಲ ಇನ್ನೂ ವಾಂತಿಮಾಡುತ್ತಿದ್ದುದರಿಂದ ಅದು ಆವಶ್ಯಕವಾಗಿತ್ತು. "ಈ ಬಾಟಲಿ ಮುಗಿದ ಮೇಲೆ ನೋಡಿ ಮನೆಗೆ ಕಳುಹಿಸೋಣ" ಎಂದು ವೈದ್ಯರು ಹೇಳಿ ಹೋದರು. ಈ ಸೀಸೆಯ ಗತಿಯಾದರೋ ಬೇರೆಯಾಗಿತ್ತು. ನಾಲ್ಕು ಸೆಕೆಂಡಿಗೊಂದು ಹನಿ! ಸಂಜೆ ನಾಲ್ಕಾದರೂ ಅದರಲ್ಲಿ ೧೫೦ ಮಿಲಿಲೀಟರಿನಷ್ಟು ಉಳಿದಿತ್ತು. ನಮ್ಮೂರಿನ ಬಸ್ಸು ತಪ್ಪಿಹೋದೀತೆಂಬ ಆತುರ ಒಂದು ಕಡೆ. ನಿನ್ನೆ ರಾತ್ರಿ ಧಾರೆಯಾಗಿ ಓಡಿದ ನೀರು ಮಗುವನ್ನು ಬದುಕಿಸಿತಲ್ಲ, ಇಂದೇಕೆ ಈ ಜಿಪುಣತನವೆಂಬ ಕುತರ್ಕ ಇನ್ನೊಂದು ಕಡೆ. ಸುತ್ತ ಯಾರೂ ಇಲ್ಲದುದನ್ನು ನೋಡಿ, ಕೊಳವೆಗೆ ಕಚ್ಚಿಸಿದ್ದ ಪುಟ್ಟ ಚಕ್ರವನ್ನು ನಾವೇ ಹಿಂದಕ್ಕೆ ತಿರುಗಿಸಿಬಿಟ್ಟೆವು. ಕಾಲು ಗಂಟೆಯ ತರುವಾಯ ಸಿಸ್ಟರ್ ಬಂದು ನೋಡುವಷ್ಟರಲ್ಲಿ ಸೀಸೆ ಬರಿದಾಗುತ್ತ ಬಂದಿತ್ತು.

ಆಕೆ ಮೊದಲು ಚಕ್ರವನ್ನು ಬಿಗಿಮಾಡಿದಳು. ಅನಂತರ ನಮ್ಮ ಕಡೆ ತಿರುಗಿ, "ಯಾರು ತಿರುಗಿಸಿದ್ದು ಇದನ್ನ?" ಎಂದಳು. ನಾವೆಂದು ಒಪ್ಪಿಕೊಂಡೆವು. "ಓದಿದವರು ನೀವೇ ಹೀಗೆ ಮಾಡಿದರೆ ಉಳಿದವರಿಗೆ ನಾವು ಏನು ಹೇಳೋಣ ಮೇಷ್ಟ್ರೇ?" ಎಂದು ಅವಳು ವೈದ್ಯರನ್ನು ಕರೆಯಲು ಓಡಿದಳು. ಆ ಮಾತಿನಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು. ಅದನ್ನು ಕಂಡು ನಮ್ಮ ಕೈಕಾಲು ತಣ್ಣಗಾದುವು.

ಅಂದು ಮನೆಗೆ ಹೋಗುವುದು ನಿಂತಿತು. ರಾತ್ರಿಯೆಲ್ಲ ಮಗುವಿನ ಉಸಿರನ್ನೂ ನಾಡಿಯನ್ನೂ ಎಣಿಸಿದರು. ರಕ್ತ ತೆಗೆದು ಅದರ ಲವಣಾಂಶವನ್ನು ಪರೀಕ್ಷಿಸಿದರು. ಮೂತ್ರ ಹೋದಾಗಲೆಲ್ಲ ಬರೆದುಕೊಂಡರು. ನಮ್ಮ ಮಗಳು ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ. ಬೆಳಗಾಗುವಾಗ ಮಗು ಎದ್ದು ಕುಳಿತು ಮೊಸರನ್ನ ಕೇಳಿತು. ದೈವಕೃಪೆಯಿಂದ ಯಾವ ಕೇಡೂ ಆಗಿರಲಿಲ್ಲ. ಮಕ್ಕಳ ವೈದ್ಯೆಯಾದ ಡಾಕ್ಟರಮ್ಮನವರು ಬಂದು ನೋಡಿ, ನಕ್ಕು, ನಮ್ಮನ್ನು ಪಕ್ಕದ ಬೆಂಚಿನ ಮೇಲೆ ಕೂರಿಸಿಕೊಂಡರು.

ನಾವು ಸಂಸ್ಕೃತದ ಅಧ್ಯಾಪಕರಾಗಿ ನೇಮಕವಾದವರು. ಆದರೆ ಹಳ್ಳಿಯ ಶಾಲೆಯಲ್ಲಿ ಒಬ್ಬನು ಒಂದೇ ವಿಷಯಕ್ಕೆ ಮೀಸಲಾಗಿರುವುದು ಸಾಧ್ಯವಿಲ್ಲವಾದುದರಿಂದ ಅನೇಕ ವರ್ಷ ಗಣಿತವನ್ನೂ ಹೇಳಿದ್ದೇವೆ. ಇದನ್ನು ಕೇಳಿ ತಿಳಿದ ಡಾಕ್ಟರಮ್ಮನವರು, "ಹಾಗಾದರೆ ಒಂದು ಲೆಕ್ಕ ಮಾಡಿ ಮೇಷ್ಟ್ರೇ. ಅರವತ್ತು ಕಿಲೋ ತೂಕದ ಆಳಿಗೆ ದಿನಕ್ಕೆ ೧,೮೦೦ ಮಿಲಿಲೀಟರ್ ನೀರು ಬೇಕಾದರೆ, ಆರು ಕಿಲೋ ತೂಕದ ಕೂಸಿಗೆ ಎಷ್ಟು ಬೇಕು?" ಎಂದರು.

ಇದು ಶುದ್ಧ ತ್ರೈರಾಶಿಕ. ಭಾಸ್ಕರಾಚಾರ್ಯರು ತಮ್ಮ ಲೀಲಾವತಿಯಲ್ಲಿ ವಿಸ್ತಾರವಾಗಿ ಹೇಳಿದ ಕ್ರಮ. ನಾವು ಥಟ್ಟನೆ, "ನೂರ ಎಂಬತ್ತು" ಎಂದೆವು.

"ಅಷ್ಟೇ ಕೊಟ್ಟರೆ ಕೂಸು ಒಣಗಿಹೋಗುತ್ತದೆ. ಅದಕ್ಕೆ ಬೇಕಾದುದು ಆರುನೂರು."

"ಕೂಸಿಗೆ ಕಿಲೋ ಒಂದಕ್ಕೆ ನೂರಾದರೆ, ಅರವತ್ತು ಕಿಲೋ ಆಳಿಗೆ ಆರು ಸಾವಿರವಾಗಬೇಕಲ್ಲ?" ಎಂದೆವು.

"ಅಷ್ಟು ಕೊಟ್ಟರೆ ಆಳು ಮುಳುಗಿಹೋಗುತ್ತಾನೆ" ಎಂದು ಅವರು ನಕ್ಕರು. "ಈ ಲೆಕ್ಕಕ್ಕೆ ನಿಮ್ಮ ತ್ರೈರಾಶಿಕ ಒಗ್ಗುವುದಿಲ್ಲ. ಮಗು ಎಂದರೆ ಚಿಕ್ಕದು ಮಾಡಿದ ದೊಡ್ಡ ಮನುಷ್ಯ ಅಲ್ಲ."

ಈ ಒಂದು ಮಾತಿನಲ್ಲಿ ವಿಷಯದ ಸಾರವೆಲ್ಲ ಇರುವುದು. ಅದನ್ನು ಡಾಕ್ಟರಮ್ಮನವರಿಂದಲೂ, ಆಮೇಲೆ ನಾವು ಓದಿದ ವೈದ್ಯಗ್ರಂಥಗಳಿಂದಲೂ ತಿಳಿದಂತೆ ವಿವರಿಸುತ್ತೇವೆ.

ದೊಡ್ಡ ಹಂಡೆಯಲ್ಲಿ ಕಾಯಿಸಿದ ನೀರು ಬಹಳ ಹೊತ್ತು ಬಿಸಿಯಾಗಿಯೇ ಇರುವುದು; ಅದೇ ನೀರನ್ನು ಚೊಂಬಿಗೆ ತೋಡಿಟ್ಟರೆ ಗಳಿಗೆಯಲ್ಲಿ ಆರುವುದು. ಪಾತ್ರೆ ಚಿಕ್ಕದಾದಷ್ಟೂ ಒಳಗಿನ ತೂಕಕ್ಕೆ ಹೋಲಿಸಿದರೆ ಅದರ ಹೊರಮೈ ಹೆಚ್ಚು. ಮಗುವಿನ ದೇಹವು ಚೊಂಬಿನಂತೆ. ಅದರ ತೂಕಕ್ಕೆ ಚರ್ಮದ ವಿಸ್ತಾರ ಹೆಚ್ಚು. ಬೆಳವಣಿಗೆಯೂ ಭರದಿಂದ ಸಾಗುತ್ತಿರುವುದು. ಹೀಗಾಗಿ ಕಿಲೋ ಒಂದಕ್ಕೆ ಅದು ವ್ಯಯಮಾಡುವ ಉಷ್ಣಶಕ್ತಿ ದೊಡ್ಡವರದಕ್ಕಿಂತ ಬಹಳ ಹೆಚ್ಚು. ಶಕ್ತಿಯ ವ್ಯಯವಾದಲ್ಲಿ ನೀರಿನ ವ್ಯಯವೂ ಉಂಟು. ಚರ್ಮದಿಂದಲೂ ಉಸಿರಿನಿಂದಲೂ ಕಾಣದಂತೆ ಆವಿಯಾಗುವ ನೀರು ಒಂದು. ದೇಹದ ಕಲ್ಮಷವನ್ನು ತೊಳೆದು ಮೂತ್ರವಾಗಿ ಹೋಗುವ ನೀರು ಇನ್ನೊಂದು. ಸುಮಾರಾಗಿ ೧೦೦ ಕ್ಯಾಲೊರಿ ಶಕ್ತಿ ವ್ಯಯವಾದರೆ ೧೦೦ ಮಿಲಿಲೀಟರ್ ನೀರು ಬೇಕೆಂಬುದು ನಿಯಮ. ಈ ಯುಕ್ತಿಯನ್ನು ಹಿಡಿದು ಅಮೆರಿಕದ ಮಾಲ್ಕಂ ಹಾಲಿಡೇ ಮತ್ತು ವಿಲಿಯಂ ಸೀಗರ್ ಎಂಬಿಬ್ಬರು ವೈದ್ಯರು ೧೯೫೭ರಲ್ಲಿ ಒಂದು ಸುಲಭ ಸೂತ್ರವನ್ನು ಪ್ರಕಟಿಸಿದರು. ಇಂದಿಗೂ ಮಕ್ಕಳ ಆಸ್ಪತ್ರೆಗಳಲ್ಲಿ ಲೆಕ್ಕವು ಅಲ್ಲಿಂದಲೇ ಆರಂಭವಾಗುವುದು. ಬಾಯಿಂದ ಏನನ್ನೂ ತೆಗೆದುಕೊಳ್ಳಲಾರದ ಮಗುವಿಗೆ ಒಂದು ದಿನಕ್ಕೆ, ಅಂದರೆ ೨೪ ಗಂಟೆಗಳಿಗೆ, ಬೇಕಾದ ನೀರು ಇಷ್ಟು:

ಮೊದಲ ೧೦ ಕಿಲೋಗ್ರಾಂ ತೂಕಕ್ಕೆ, ಕಿಲೋ ಒಂದಕ್ಕೆ ೧೦೦ ಮಿಲಿಲೀಟರ್.
ಅದರ ಮುಂದಿನ ೧೦ ಕಿಲೋಗ್ರಾಂ ತೂಕಕ್ಕೆ, ಕಿಲೋ ಒಂದಕ್ಕೆ ೫೦ ಮಿಲಿಲೀಟರ್.
೨೦ನ್ನು ಮೀರಿದ ತೂಕಕ್ಕೆ, ಕಿಲೋ ಒಂದಕ್ಕೆ ೨೦ ಮಿಲಿಲೀಟರ್.

ಕೆಲವು ಉದಾಹರಣೆಗಳಿಂದ ಇದು ಸ್ಪಷ್ಟವಾಗುವುದು. ೬ ಕಿಲೋ ತೂಕದ ಕೂಸಿಗೆ ೬೦೦ ಮಿಲಿಲೀಟರ್. ನಮ್ಮ ಮೊಮ್ಮಗನಂತೆ ೧೨ ಕಿಲೋ ಇದ್ದರೆ, ಮೊದಲ ಹತ್ತಕ್ಕೆ ೧,೦೦೦, ಉಳಿದ ಎರಡಕ್ಕೆ ೧೦೦, ಒಟ್ಟು ೧,೧೦೦. ೧೮ ಕಿಲೋ ಮಗುವಿಗೆ ೧,೦೦೦ಕ್ಕೆ ೪೦೦ ಸೇರಿ ೧,೪೦೦. ೨೫ ಕಿಲೋ ತೂಕದ ಶಾಲಾಬಾಲಕನಿಗೆ ೧,೦೦೦, ೫೦೦, ೧೦೦ ಸೇರಿ ೧,೬೦೦. ತೂಕವು ಎರಡರಷ್ಟಾದರೂ ನೀರು ಎರಡರಷ್ಟಾಗದೆ, ಏರುತ್ತ ಏರುತ್ತ ಮೆಲ್ಲಗಾಗುವ ಚಮತ್ಕಾರವನ್ನು ವಾಚಕರು ಗಮನಿಸಬೇಕು.

ದಿನದ ಲೆಕ್ಕವನ್ನು ಗಂಟೆಗೆ ಇಳಿಸಿಕೊಳ್ಳಲು ವೈದ್ಯರು 'ನಾಲ್ಕು–ಎರಡು–ಒಂದು' ಎಂಬ ಇನ್ನೊಂದು ರೂಪವನ್ನು ಬಳಸುವರು. ಮೊದಲ ಹತ್ತು ಕಿಲೋಗೆ ಗಂಟೆಗೆ ನಾಲ್ಕರಂತೆ, ಮುಂದಿನ ಹತ್ತಕ್ಕೆ ಎರಡರಂತೆ, ಆಮೇಲಿನದಕ್ಕೆ ಒಂದರಂತೆ. ೧೨ ಕಿಲೋ ಮಗುವಿಗೆ ೪೦ಕ್ಕೆ ೪ ಸೇರಿ ಗಂಟೆಗೆ ೪೪ ಮಿಲಿಲೀಟರ್. ೧,೧೦೦ನ್ನು ೨೪ರಿಂದ ಭಾಗಿಸಿದರೆ ಸುಮಾರು ೪೬ ಬರುವುದು. ಎರಡಕ್ಕೂ ಇರುವ ಅಲ್ಪ ವ್ಯತ್ಯಾಸವು ಭಿನ್ನಾಂಕಗಳನ್ನು ಬಿಟ್ಟುದರಿಂದ ಆದುದು.

ಇನ್ನು ಹನಿಯ ಲೆಕ್ಕ. ಸಾಮಾನ್ಯವಾದ ಕೊಳವೆಯಲ್ಲಿ ೨೦ ಹನಿಗಳಿಗೆ ಒಂದು ಮಿಲಿಲೀಟರಾಗುವುದುಂಟು. ಮಕ್ಕಳಿಗಾಗಿ ಮಾಡಿದ ಸಣ್ಣ ಹನಿಯ ಕೊಳವೆಯಲ್ಲಿ ೬೦ ಹನಿಗಳು ಬೇಕು. ಕೊಳವೆಯ ಲಕೋಟೆಯ ಮೇಲೆ ಇದು ಅಚ್ಚಾಗಿರುವುದು. ಸಣ್ಣ ಹನಿಯ ಕೊಳವೆಯಲ್ಲಿ ಗಂಟೆಗೆ ಎಷ್ಟು ಮಿಲಿಲೀಟರೋ ನಿಮಿಷಕ್ಕೆ ಅಷ್ಟೇ ಹನಿ. ೨೦ ಹನಿಯ ಕೊಳವೆಯಲ್ಲಿ ಅದರ ಮೂರನೆಯ ಒಂದು ಪಾಲು. ೪೪ನ್ನು ಮೂರರಿಂದ ಭಾಗಿಸಿದರೆ ಸುಮಾರು ೧೫. ನಿಮಿಷಕ್ಕೆ ಹದಿನೈದು ಹನಿಯೆಂದರೆ ನಾಲ್ಕು ಸೆಕೆಂಡಿಗೊಂದು. ನಮಗೆ ಸೋಮಾರಿತನವೆಂದೂ ಜಿಪುಣತನವೆಂದೂ ತೋರಿದ ಆ ಹನಿಯು ಸೂತ್ರಕ್ಕೆ ಸರಿಯಾಗಿ ಬೀಳುತ್ತಿತ್ತು! ಆ ಗತಿಯಲ್ಲಿ ಅರ್ಧ ಲೀಟರ್ ಮುಗಿಯಲು ಹನ್ನೊಂದು ಗಂಟೆಗೂ ಮೇಲೆ ಹಿಡಿಯುವುದು. ನಾವು ಮಾಡಿದುದೇನೆಂದರೆ, ಮೂರು ಗಂಟೆಗೂ ಮಿಕ್ಕು ಹರಿಯತಕ್ಕ ನೀರನ್ನು ಕಾಲು ಗಂಟೆಯಲ್ಲಿ ಹರಿಸಿದುದು.

ಹಾಗಾದರೆ ಮೊದಲ ರಾತ್ರಿ ವೈದ್ಯರೇ ಧಾರೆಯಾಗಿ ಬಿಟ್ಟರಲ್ಲ ಎಂದು ವಾಚಕರು ಕೇಳಬಹುದು, ನಾವೂ ಕೇಳಿದೆವು. ಇದಕ್ಕೆ ಸಮಾಧಾನವು ಗೃಹಸ್ಥರಿಗೆ ಚೆನ್ನಾಗಿ ತಿಳಿಯುವಂತಹುದು. ಮನೆಯ ಜಮಾಖರ್ಚಿನಲ್ಲಿ ಹಳೆಯ ಸಾಲ ಬೇರೆ, ನಿತ್ಯದ ಖರ್ಚು ಬೇರೆ, ಇಂದು ಒದಗಿದ ಅನಿರೀಕ್ಷಿತ ನಷ್ಟ ಬೇರೆ. ಮೂರನ್ನೂ ಒಂದೇ ಸಾಲಿನಲ್ಲಿ ಬರೆದರೆ ಸಂಸಾರ ಕೆಡುವುದು. ನೀರಿನಲ್ಲಿಯೂ ಹಾಗೆಯೇ. ಮಗು ಆಸ್ಪತ್ರೆಗೆ ಬರುವ ಮೊದಲೇ ಕಳೆದುಕೊಂಡ ನೀರು ಹಳೆಯ ಸಾಲ. ಅದು ಪ್ರಾಣಕ್ಕೆ ಸಂಚಕಾರ ತರುವಷ್ಟಾಗಿದ್ದರೆ ಬೇಗನೆ ತೀರಿಸಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಂತೆ, ತೀವ್ರವಾಗಿ ಬತ್ತಿಹೋದ, ಒಂದು ವರ್ಷ ಮೀರಿದ ಮಗುವಿಗೆ ಕಿಲೋ ಒಂದಕ್ಕೆ ೩೦ ಮಿಲಿಲೀಟರಿನಂತೆ ಅರ್ಧ ಗಂಟೆಯಲ್ಲಿ, ಅನಂತರ ೭೦ರಂತೆ ಎರಡೂವರೆ ಗಂಟೆಯಲ್ಲಿ ಕೊಡುವರು. ವರ್ಷ ತುಂಬದ ಕೂಸಿಗೆ ಇದೇ ಪ್ರಮಾಣವನ್ನು ಒಂದು ಗಂಟೆ ಹಾಗೂ ಐದು ಗಂಟೆಗಳಷ್ಟು ನಿಧಾನವಾಗಿ. ಭೇದಿಯೂ ವಾಂತಿಯೂ ಮುಂದುವರಿದು ಹೋಗುತ್ತಿರುವ ನೀರು ಇಂದಿನ ನಷ್ಟ. ಅದನ್ನು ಅಳೆದು ಅಷ್ಟಕ್ಕಷ್ಟು ತುಂಬುವರು. ಉಳಿದುದು ನಿತ್ಯದ ಖರ್ಚು. ಹಾಲಿಡೇ ಮತ್ತು ಸೀಗರರ ಸೂತ್ರವಿರುವುದು ಇದೊಂದಕ್ಕೆ ಮಾತ್ರ. ನಮ್ಮ ಮೊಮ್ಮಗನ ಸಾಲವು ರಾತ್ರಿಯೇ ತೀರಿತ್ತು. ಬೆಳಗಿನ ಸೀಸೆಯು ನಿತ್ಯದ ಖರ್ಚಿನದು. ನಾವು ಎರಡನ್ನೂ ಒಂದೆಂದು ಬಗೆದುದೇ ತಪ್ಪಿಗೆ ಮೂಲವಾಯಿತು.

ನೀರು ಎಷ್ಟೆಂಬುದಷ್ಟೇ ಅಲ್ಲ, ಎಂತಹ ನೀರೆಂಬುದೂ ಮುಖ್ಯ. ಹೊರಗಿನಿಂದ ನೋಡಿದರೆ ಎಲ್ಲ ಸೀಸೆಗಳೂ ತಿಳಿನೀರೇ. ಆದರೆ ಒಂದರಲ್ಲಿ ಲೀಟರಿಗೆ ೯ ಗ್ರಾಂ ಉಪ್ಪು, ಒಂದರಲ್ಲಿ ಲೀಟರಿಗೆ ೫೦ ಗ್ರಾಂ ಗ್ಲೂಕೋಸ್, ಇನ್ನೊಂದರಲ್ಲಿ ಎರಡೂ ಕೂಡಿರುವುವು. ೧೯೫೭ರ ಸೂತ್ರಕಾರರು ಉಪ್ಪಿನಂಶವನ್ನು ಬಹಳ ಕಡಮೆಯಾಗಿ ಇಟ್ಟಿದ್ದರು. ಆದರೆ ರೋಗಪೀಡಿತ ದೇಹವು ನೋವಿನಿಂದಲೂ ಸೋಂಕಿನಿಂದಲೂ ನೀರನ್ನು ಮೂತ್ರವಾಗಿ ಬಿಡದೆ ತಡೆಹಿಡಿಯುವುದುಂಟು. ಅಂತಹ ವೇಳೆಯಲ್ಲಿ ಉಪ್ಪು ಕಡಮೆಯಾದ ನೀರನ್ನು ಸಿರೆಗೆ ಬಿಡುತ್ತ ಹೋದರೆ ರಕ್ತದ ಸೋಡಿಯಂ ಇಳಿದು, ಮಿದುಳು ಊದಿಕೊಂಡು, ತಲೆನೋವು, ವಾಂತಿ, ಮಂಕು, ಸೆಳವು ಕಾಣಿಸಿಕೊಂಡು ಪ್ರಾಣಾಪಾಯವೂ ಆಗಬಹುದು. ಇಂತಹ ಅನಾಹುತಗಳನ್ನು ಕಂಡ ಮೇಲೆ ಅಮೆರಿಕದ ಮಕ್ಕಳ ವೈದ್ಯರ ಪರಿಷತ್ತು ೨೦೧೮ರಲ್ಲಿ, ೨೮ ದಿನಗಳಿಂದ ೧೮ ವರ್ಷದವರೆಗಿನವರಿಗೆ ನಿತ್ಯದ ದ್ರವವು ರಕ್ತಕ್ಕೆ ಸಮನಾದ ಸೋಡಿಯಂ ಉಳ್ಳದ್ದಾಗಿರಬೇಕು, ಅದರಲ್ಲಿ ತಕ್ಕಷ್ಟು ಪೊಟ್ಯಾಸಿಯಂ ಮತ್ತು ಗ್ಲೂಕೋಸ್ ಇರಬೇಕು ಎಂದು ವಿಧಿಸಿತು. ಮೂತ್ರ ಸರಿಯಾಗಿ ಹೋಗಲಾರಂಭಿಸಿದ ಮೇಲೆಯೇ ಪೊಟ್ಯಾಸಿಯಂ ಬೆರೆಸುವರು. ಈ ಪೊಟ್ಯಾಸಿಯಂ ದೇಹಕ್ಕೆ ಬೇಕಾದುದೇ; ಆದರೆ ರಕ್ತಕ್ಕೆ ರಭಸದಿಂದ ನುಗ್ಗಿದರೆ ಹೃದಯದ ಬಡಿತವನ್ನೇ ನಿಲ್ಲಿಸಬಲ್ಲದು. "ನೀವು ತಿರುಗಿಸಿದಾಗ ಆ ಬಾಟಲಿಗೆ ನಾನು ಇನ್ನೂ ಪೊಟ್ಯಾಸಿಯಂ ಸೇರಿಸಿರಲಿಲ್ಲ ಮೇಷ್ಟ್ರೇ" ಎಂದು ಡಾಕ್ಟರಮ್ಮನವರು ಮೆಲ್ಲನೆ ಹೇಳಿದರು. ಆ ಮಾತನ್ನು ನೆನೆದಾಗಲೆಲ್ಲ ಇಂದಿಗೂ ನಮ್ಮ ಎದೆ ನಡುಗುವುದು.

ಸೂತ್ರವು ಆರಂಭವೇ ಹೊರತು ಮುಕ್ತಾಯವಲ್ಲ. ಆಗತಾನೆ ಹುಟ್ಟಿದ ಶಿಶುವಿಗೆ ಇದು ಸಲ್ಲದು. ಅದಕ್ಕೆ ಮೊದಲ ದಿನ ಕಿಲೋ ಒಂದಕ್ಕೆ ಸುಮಾರು ೬೦ ಮಿಲಿಲೀಟರಿನಿಂದ ತೊಡಗಿ ದಿನದಿನಕ್ಕೆ ಏರಿಸುವರು. ಜ್ವರವು ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನೀರಿನ ಅಗತ್ಯವು ನೂರಕ್ಕೆ ಹತ್ತು ಹನ್ನೆರಡರಷ್ಟು ಹೆಚ್ಚುವುದು. ಇದಕ್ಕೆ ಪ್ರತಿಯಾಗಿ, ಶ್ವಾಸಕೋಶದ ಉರಿಯೂತ, ಮಿದುಳಿನ ಪೊರೆಯ ಸೋಂಕು ಮೊದಲಾದುವುಗಳಲ್ಲಿ ದೇಹವು ನೀರನ್ನು ತಡೆಹಿಡಿಯುವುದರಿಂದ ಸೂತ್ರದ ಮೂರನೆಯ ಎರಡು ಪಾಲಿಗೆ ಇಳಿಸುವುದೂ ಉಂಟು. ಮಗು ಬಾಯಿಂದ ಕುಡಿಯಲಾರಂಭಿಸಿದರೆ ಕುಡಿದಷ್ಟನ್ನು ಸಿರೆಯ ಪಾಲಿನಲ್ಲಿ ಕಳೆಯಬೇಕು. ಆದುದರಿಂದಲೇ ಪ್ರತಿದಿನ ತೂಕಮಾಡುವರು, ಮೂತ್ರವನ್ನು ಅಳೆಯುವರು, ರಕ್ತದ ಲವಣವನ್ನು ಪರೀಕ್ಷಿಸುವರು.

ಇನ್ನು ದೊಡ್ಡವರ ವಿಷಯ. ಬಾಯಿಂದ ಏನೂ ಸೇವಿಸಲಾರದ ವಯಸ್ಕರಿಗೆ ದಿನಕ್ಕೆ ಕಿಲೋ ಒಂದಕ್ಕೆ ೨೫ರಿಂದ ೩೦ ಮಿಲಿಲೀಟರ್ ನೀರು, ಅದರೊಡನೆ ದಿನಕ್ಕೆ ೫೦ರಿಂದ ೧೦೦ ಗ್ರಾಂ ಗ್ಲೂಕೋಸ್, ತಕ್ಕಷ್ಟು ಲವಣ ಎಂದು ಇಂಗ್ಲೆಂಡಿನ ರಾಷ್ಟ್ರೀಯ ವೈದ್ಯ ಮಾರ್ಗಸೂಚಿಯು ೨೦೧೩ರಲ್ಲಿ ನಿರ್ದೇಶಿಸಿತು. ೬೦ ಕಿಲೋ ತೂಕದವನಿಗೆ ೧,೫೦೦ರಿಂದ ೧,೮೦೦ ಮಿಲಿಲೀಟರಾಯಿತು. ನಮ್ಮಂತಹ ವೃದ್ಧರಿಗೂ, ಹೃದಯ ಅಥವಾ ಮೂತ್ರಪಿಂಡದ ದೌರ್ಬಲ್ಯವಿರುವವರಿಗೂ ೨೦ರಿಂದ ೨೫ಕ್ಕೆ ಇಳಿಸುವುದನ್ನು ಯೋಚಿಸಬೇಕೆಂದು ಅದೇ ಸೂಚಿಯು ಹೇಳುವುದು. ಮೈ ಬಹಳ ಬೆಳೆದವರಿಗೆ ಇರುವ ತೂಕದಂತೆ ಲೆಕ್ಕಹಾಕದೆ, ಎತ್ತರಕ್ಕೆ ತಕ್ಕುದಾಗಿ ಇರಬೇಕಾದ ತೂಕವನ್ನು ಹಿಡಿಯುವರು. ಮುದುಕರ ಹೃದಯವು ಹಳೆಯ ತೂಬಿನಂತೆ. ಒಮ್ಮೆಲೆ ಬಂದ ಪ್ರವಾಹವನ್ನು ದಾಟಿಸಲಾರದು. ಹೆಚ್ಚಾದ ನೀರು ಶ್ವಾಸಕೋಶದಲ್ಲಿ ನಿಂತು ಉಸಿರು ಕಟ್ಟುವುದು, ಕಾಲು ಬಾತುಕೊಳ್ಳುವುದು.

ಇಲ್ಲಿ ನಮ್ಮ ಕಡೆಯ ಒಂದು ಅಭ್ಯಾಸವನ್ನು ಕುರಿತು ಹೇಳದಿರಲಾಗದು. ಕಟಾವಿನಲ್ಲಿ ದಣಿದವರೂ, ನೆಗಡಿಯಿಂದ ಎದ್ದವರೂ, ಮದುವೆಯ ಓಡಾಟದಲ್ಲಿ ಬಳಲಿದವರೂ ವೈದ್ಯರ ಬಳಿಗೆ ಹೋಗಿ, "ಸುಸ್ತು ಸಾರ್, ಒಂದು ಗ್ಲೂಕೋಸ್ ಹಾಕಿಬಿಡಿ" ಎನ್ನುವರು. ಹಾಕದ ವೈದ್ಯನು ಕೈಗುಣವಿಲ್ಲದವನೆನಿಸುವನು. ಆ ಅರ್ಧ ಲೀಟರಿನ ಗ್ಲೂಕೋಸ್ ಸೀಸೆಯಲ್ಲಿ ಇರುವುದೇನು? ೨೫ ಗ್ರಾಂ ಗ್ಲೂಕೋಸ್; ಐದಾರು ಚಮಚ ಸಕ್ಕರೆಯಷ್ಟು. ಅದರಿಂದ ದೊರೆಯುವ ಶಕ್ತಿ ನೂರು ಕ್ಯಾಲೊರಿಯನ್ನು ಮೀರದು. ಒಂದು ಸಾಧಾರಣ ರಾಗಿಮುದ್ದೆಯಲ್ಲಿ ಅದರ ಎರಡರಷ್ಟು ಶಕ್ತಿಯುಂಟು; ಜೊತೆಗೆ ಸುಣ್ಣದಂಶವೂ ನಾರೂ ಉಂಟು; ಸೂಜಿಯ ನೋವಿಲ್ಲ. ಬಾಯಿಂದ ಉಣ್ಣಬಲ್ಲವನು ಸಿರೆಯಿಂದ ಉಣ್ಣಬಯಸುವುದು, ಹೆಬ್ಬಾಗಿಲು ತೆರೆದಿರುವಾಗ ಗೋಡೆಗೆ ಕನ್ನವಿಟ್ಟು ಮನೆಗೆ ನುಗ್ಗಿದಂತೆ. ಆ ಕನ್ನದ ಮೂಲಕ ಸೋಂಕೂ ನುಗ್ಗಬಹುದು, ದ್ರವದ ದೋಷವೂ ನುಗ್ಗಬಹುದು. ೨೦೨೪ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದ ಬಾಣಂತಿಯರು ಮೃತರಾದಾಗ, ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರವದ ಮೇಲೆ ಸಂಶಯವೆದ್ದು ಆ ತಯಾರಿಕೆಯ ಬಳಕೆಯನ್ನು ನಿಲ್ಲಿಸಿದುದು ವಾಚಕರ ನೆನಪಿನಲ್ಲಿರಬಹುದು. ಆ ತಾಯಂದಿರಿಗೆ ದ್ರವವು ಆವಶ್ಯಕವಾಗಿಯೇ ಇದ್ದಿತು. ಅದು ಬೇಕಿಲ್ಲದ ನಾವು ಕೇಳಿ ಹಾಕಿಸಿಕೊಳ್ಳುವುದಾದರೂ ಏತಕ್ಕೆ?

ಹೀಗೆಂದು ಸಿರೆಯ ನೀರನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ೧೮೩೨ರಲ್ಲಿ ಕಾಲರಾ ಹಬ್ಬಿದಾಗ, ಸ್ಕಾಟ್ಲೆಂಡಿನ ಲೀತ್ ಪಟ್ಟಣದ ವೈದ್ಯ ಥಾಮಸ್ ಲಟ್ಟಾ ಸಾಯುತ್ತಿದ್ದ ರೋಗಿಗಳ ಸಿರೆಗೆ ಉಪ್ಪುನೀರನ್ನು ಬಿಟ್ಟು ಕೆಲವರನ್ನು ಉಳಿಸಿದುದರಿಂದ ಈ ವಿದ್ಯೆ ತೊಡಗಿತು. ಅಂದಿನಿಂದ ಅದು ಬದುಕಿಸಿದ ಪ್ರಾಣಗಳಿಗೆ ಲೆಕ್ಕವಿಲ್ಲ. ನಮ್ಮ ಮೊಮ್ಮಗನೂ ಅವರಲ್ಲೊಬ್ಬನು. ಆದರೆ ಬಾಯಿಯ ದಾರಿಯ ಮಹಿಮೆಯನ್ನು ತೋರಿಸಿಕೊಟ್ಟವರು ನಮ್ಮ ದೇಶದವರು. ೧೯೭೧ರಲ್ಲಿ ಬಂಗಾಳದ ಬನಗಾಂವ್‌ ಎಂಬಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ, ಸೀಸೆಗಳು ಮುಗಿಯುತ್ತ ಬಂದಾಗ, ವೈದ್ಯ ದಿಲೀಪ್ ಮಹಲನೊಬಿಸ್ ಅವರು ಉಪ್ಪು, ಅಡಿಗೆ ಸೋಡ, ಗ್ಲೂಕೋಸುಗಳನ್ನು ನೀರಿಗೆ ಬೆರೆಸಿ ಪೀಪಾಯಿಗಳಲ್ಲಿಟ್ಟು, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಯಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ಮೂರು ನಾಲ್ಕಕ್ಕೆ ಇಳಿಯಿತು. ಇಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ತಂದುಕೊಡುವ ಓ.ಆರ್.ಎಸ್. ಪೊಟ್ಟಣವು ಆ ನೀರಿನ ಸಂತತಿಯದೇ.

ಗೃಹಸ್ಥರು ಕೈಯಾರೆ ಮಾಡಬಹುದಾದ ಲೆಕ್ಕವಿರುವುದು ಇಲ್ಲಿ. ಒಂದು ಲೀಟರಿನ ಪೊಟ್ಟಣವನ್ನು ಕಾಯಿಸಿ ಆರಿಸಿದ ಪೂರ್ತಿ ಒಂದು ಲೀಟರಿಗೇ ಬೆರೆಸಬೇಕು. ಅರ್ಧ ಪೊಟ್ಟಣ, ಅಂದಾಜಿನ ಚೊಂಬು ಕೂಡದು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ ೫೦ರಿಂದ ೧೦೦ ಮಿಲಿಲೀಟರ್, ಎರಡರಿಂದ ಹತ್ತು ವರ್ಷದವರಿಗೆ ೧೦೦ರಿಂದ ೨೦೦. ಬಾಯಾರಿಕೆ, ಕಿರಿಕಿರಿ ಮುಂತಾದ ಕೊರತೆಯ ಚಿಹ್ನೆಗಳು ತೋರಿದ ಮಗುವಿಗೆ ವೈದ್ಯರು ಕಿಲೋ ಒಂದಕ್ಕೆ ೭೫ ಮಿಲಿಲೀಟರಿನಂತೆ ನಾಲ್ಕು ಗಂಟೆಯಲ್ಲಿ ಕುಡಿಯಿಸುವರು. ೧೨ ಕಿಲೋ ಮಗುವಿಗೆ ೯೦೦ ಆಯಿತು. ಚಮಚದಿಂದ ಸ್ವಲ್ಪಸ್ವಲ್ಪವಾಗಿ ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ತಾಳಿ ಮತ್ತೆ ಇನ್ನೂ ನಿಧಾನವಾಗಿ ಕೊಡಬೇಕು. ಮೊಲೆಹಾಲನ್ನೂ ಊಟವನ್ನೂ ನಿಲ್ಲಿಸಬಾರದು. ವೈದ್ಯರು ಬರೆದುಕೊಟ್ಟ ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ ಹೇಳಿದಷ್ಟು ದಿನ ಕೊಡಬೇಕು. ಕಣ್ಣು ಗುಳಿಬಿದ್ದು, ಮಂಕು ಕವಿದು, ಕುಡಿಯಲಾರದಂತಾದರೆ, ಹೊಟ್ಟೆಯ ಚರ್ಮವನ್ನು ಎತ್ತಿ ಬಿಟ್ಟಾಗ ಮಡಿಕೆಯು ಮೆಲ್ಲನೆ ಇಳಿದರೆ, ಮಲದಲ್ಲಿ ರಕ್ತ ಕಂಡರೆ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನಾವು ಆ ಸಂಜೆಯೇ ಪೊಟ್ಟಣವನ್ನು ಬಿಚ್ಚಿದ್ದರೆ ರಾತ್ರಿಯ ಓಟವೇ ತಪ್ಪುತ್ತಿತ್ತೋ ಏನೋ. ಪೊಟ್ಟಣವು ನಮ್ಮ ಮನೆಯ ಗೂಡಿನಲ್ಲಿಯೇ ಇತ್ತು. ವಾಂತಿಮಾಡುವ ಮಗುವಿಗೆ ನೀರೇಕೆಂದು ಸುಮ್ಮನಿದ್ದೆವು.

ಆಸ್ಪತ್ರೆಯಲ್ಲಿರುವಾಗ ಮನೆಯವರ ಕರ್ತವ್ಯಗಳೂ ಕೆಲವುಂಟು. ಮಗುವಿನ ತೂಕವನ್ನು ಅಂದಾಜಿನಿಂದ ಹೇಳದೆ ತೂಗಿಸಬೇಕು. ಲೆಕ್ಕವೆಲ್ಲ ನಿಂತಿರುವುದು ಅ ಒಂದು ಅಂಕದ ಮೇಲೆ. ಹೃದಯದ, ಮೂತ್ರಪಿಂಡದ, ಸಕ್ಕರೆಯ ಕಾಯಿಲೆಗಳಿದ್ದರೆ ಮೊದಲೇ ತಿಳಿಸಬೇಕು. ಎಷ್ಟು ಕುಡಿಯಿತು, ಎಷ್ಟು ಸಲ ಮೂತ್ರ ಹೋಯಿತು ಎಂಬುದನ್ನು ಚೀಟಿಯಲ್ಲಿ ಬರೆದಿಡಬೇಕು. ರೆಪ್ಪೆ ಊದಿಕೊಂಡರೆ, ಉಸಿರು ಭರವಾದರೆ, ತಲೆನೋವೋ ಮಂಕೋ ಹೊಸದಾಗಿ ತೋರಿದರೆ, ಸೂಜಿಯ ಸುತ್ತ ಬಾವು ಬಂದರೆ ಕೂಡಲೆ ಸಿಸ್ಟರನ್ನು ಕರೆಯಬೇಕು. "ಈಗ ಬಾಯಿಂದ ಕೊಡಬಹುದೇ?" ಎಂದು ವೈದ್ಯರನ್ನು ಕೇಳುವುದು ತಪ್ಪಲ್ಲ, ಕೇಳುವುದೇ ಒಳ್ಳೆಯದು. ಹನಿ ನಿಧಾನವಾಗಿ ಬೀಳುತ್ತಿದೆಯೆಂದು ತೋರಿದರೆ ಹೇಳಿರಿ. ಆದರೆ ಚಕ್ರವನ್ನು ಮಾತ್ರ ಮುಟ್ಟಕೂಡದು. ಮಕ್ಕಳಿಗೆ ಅಳತೆಯ ಕೊಳವೆಯನ್ನು ನಡುವೆ ಜೋಡಿಸಿ, ಒಂದೆರಡು ಗಂಟೆಗೆ ಬೇಕಾದಷ್ಟನ್ನೇ ಅದರಲ್ಲಿ ತುಂಬುವುದೂ, ಪಂಪುಗಳನ್ನು ಬಳಸುವುದೂ ನಮ್ಮಂತಹ ಕೈಗಳಿಂದ ಆಗುವ ಅಪಾಯವನ್ನು ತಪ್ಪಿಸುವುದಕ್ಕೂ ಸಹಾಯಕವೇ.

ಈ ಲೇಖನವನ್ನೋದಿ ಯಾರೂ ಸಿರೆಯ ನೀರಿಗೆ ತಾವೇ ಲೆಕ್ಕಹಾಕಹೊರಡಬಾರದು. ಲೆಕ್ಕವನ್ನು ವಿವರಿಸಿದುದು, ಅದರ ಹಿಂದೆ ಎಷ್ಟು ವಿಚಾರವುಂಟೆಂಬುದನ್ನು ತಿಳಿಯುವುದಕ್ಕಾಗಿ. ಕಾರಣ ತಿಳಿದವನ ಕೈ ತಾನಾಗಿಯೇ ಹಿಂದೆ ಸರಿಯುವುದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಮಾತ್ರಾಶಿತೀಯವೆಂಬ ಅಧ್ಯಾಯವೇ ಒಂದುಂಟು. ಮಿತವರಿತು ಉಣ್ಣಬೇಕೆಂಬುದು ಅದರ ಮಾತು. ಅದನ್ನು ಮಕ್ಕಳಿಗೆ ಎಷ್ಟೋ ಸಲ ಉಪದೇಶಿಸಿದ್ದ ನಾವೇ ಆ ದಿನ ಮಿತಿಯನ್ನು ಮರೆತೆವು. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ನೀರಿಗೂ ಸಲ್ಲುವುದು.

ಮೊಮ್ಮಗನು ಈಗ ಹದಿಮೂರು ಕಿಲೋಗ್ರಾಂ ಇದ್ದಾನೆ. ಮೊನ್ನೆ ಫೋನಿನಲ್ಲಿ ಮಗಳು ತೂಕವನ್ನು ಹೇಳಿದಾಗ, ನಮಗರಿಯದೆಯೇ ಮನಸ್ಸು 'ಸಾವಿರದ ನೂರೈವತ್ತು' ಎಂದು ಲೆಕ್ಕಹಾಕಿತು. ಆ ಲೆಕ್ಕವು ಎಂದೂ ಬೇಕಾಗದಿರಲೆಂದು ನಂಜುಂಡೇಶ್ವರನಲ್ಲಿ ಬೇಡಿಕೊಂಡೆವು. ಗೂಡಿನಲ್ಲಿ ಪೊಟ್ಟಣವಿದೆಯೇ ಎಂಬುದನ್ನೂ ಎದ್ದು ನೋಡಿ ಬಂದೆವು.